ಪಂಪ್ ಇಲ್ಲದ ಹರಿವು: ಕಾಗದದ ಪರೀಕ್ಷಾ ಪಟ್ಟಿಯೊಳಗೆ ದ್ರವ ಸಾಗುವ ಬಗೆ

ಗರ್ಭಧಾರಣೆ, ಮಲೇರಿಯಾ, ಕೋವಿಡ್ ಪರೀಕ್ಷೆಗಳ ಪಟ್ಟಿಗಳಲ್ಲಿ ಪಂಪ್ ಇರುವುದಿಲ್ಲ, ಕವಾಟ ಇರುವುದಿಲ್ಲ. ಒಂದು ತುದಿಗೆ ಹನಿ ಬಿದ್ದರೆ ದ್ರವ ತಾನಾಗಿಯೇ ಇನ್ನೊಂದು ತುದಿಗೆ ಹೋಗುತ್ತದೆ. ಈ ವಿಷಯ ಓದುವಾಗ ನಾವು ಸಾಮಾನ್ಯವಾಗಿ ಪ್ರತಿಜನಕ (ಪರೀಕ್ಷೆ ಹುಡುಕುವ ಅಣು), ಪ್ರತಿಕಾಯ (ಅದಕ್ಕೆ ಅಂಟುವ ಪ್ರೋಟೀನ್), ಬಣ್ಣದ ಗೆರೆ ಇವುಗಳಿಗೇ ಗಮನ ಕೊಟ್ಟು ಹರಿವನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ಹರಿವಿನಿಂದಲೇ ಶುರು ಮಾಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಗೆರೆಯನ್ನು ಎಲ್ಲಿ ಎಳೆಯಬೇಕು, ಎಷ್ಟು ಹೊತ್ತು ಕಾಯಬೇಕು, ತಡವಾಗಿ ನೋಡಿದರೆ ಫಲಿತಾಂಶ ಯಾಕೆ ಕೆಡುತ್ತದೆ ಎಂಬ ಮೂರಕ್ಕೂ ಉತ್ತರ ಅಲ್ಲೇ ಸಿಗುತ್ತದೆ.

ಎಳೆಯುವುದು ಯಾರು, ತಡೆಯುವುದು ಯಾರು

ಕಾಗದ ಎಂದರೆ ಸೆಲ್ಯುಲೋಸ್ ನಾರುಗಳ ಹೆಣಿಗೆ. ನಾರುಗಳ ನಡುವೆ ಮೈಕ್ರೋಮೀಟರ್ ಅಳತೆಯ ಸಂದುಗಳು. ಸೆಲ್ಯುಲೋಸ್‌ಗೆ ನೀರು ಚೆನ್ನಾಗಿ ಅಂಟುವುದರಿಂದ ಪ್ರತಿ ಸಂದಿನಲ್ಲೂ ನೀರಿನ ಮುಂಚೂಣಿ ಒಳಬಾಗುತ್ತದೆ. ಬಾಗಿದ ಆ ಮೇಲ್ಮೈಯ ಹಿಂದೆ ಒತ್ತಡ ಕಡಿಮೆ. ಹಿಂದಿನ ದ್ರವವನ್ನು ಮುಂದಕ್ಕೆ ಎಳೆಯುವುದು ಈ ಒತ್ತಡದ ವ್ಯತ್ಯಾಸವೇ. ಇದೇ ಕೇಶಾಕರ್ಷಣೆ.

ಎಳೆತ ಇರುವುದು ಮುಂಚೂಣಿಯಲ್ಲಿ ಮಾತ್ರ, ಅದರ ಪ್ರಮಾಣವೂ ಬದಲಾಗದು. ತಡೆ ಹಾಗಲ್ಲ. ಒದ್ದೆಯಾದ ಉದ್ದಕ್ಕೂ ಸ್ನಿಗ್ಧತೆಯಿಂದ, ಅಂದರೆ ದ್ರವದ ಮಂದತನದಿಂದ, ಘರ್ಷಣೆ ಇರುತ್ತದೆ, ದ್ರವ ಮುಂದೆ ಹೋದಷ್ಟೂ ಆ ಉದ್ದ ಬೆಳೆಯುತ್ತದೆ. ಎಳೆತ ಅಷ್ಟೇ, ಹೊರೆ ಮಾತ್ರ ಹೆಚ್ಚು; ಆದ್ದರಿಂದ ವೇಗ ಇಳಿಯುತ್ತಲೇ ಹೋಗುತ್ತದೆ. 1918ರಲ್ಲಿ ಲ್ಯೂಕಾಸ್, 1921ರಲ್ಲಿ ವಾಶ್‌ಬರ್ನ್ ಇದಕ್ಕೆ ಸಮೀಕರಣ ಕೊಟ್ಟರು:

ದೂರದ ವರ್ಗ = (ಮೇಲ್ಮೈ ಎಳೆತ × ರಂಧ್ರದ ತ್ರಿಜ್ಯ × ಸ್ಪರ್ಶ ಕೋನದ ಕೊಸೈನ್ × ಕಾಲ) ÷ (2 × ಸ್ನಿಗ್ಧತೆ)

ಸ್ಪರ್ಶ ಕೋನ ಎಂದರೆ ದ್ರವದ ಮೇಲ್ಮೈ ರಂಧ್ರದ ಗೋಡೆಯನ್ನು ಮುಟ್ಟುವ ಕೋನ. ಇದರಲ್ಲಿ ಗಟ್ಟಿಯಾಗಿ ನೆನಪಿಡಬೇಕಾದ್ದು ಕಾಲಕ್ಕೆ ಅನುಪಾತವಾಗಿರುವುದು ದೂರವಲ್ಲ, ದೂರದ ವರ್ಗ ಎಂಬುದು. ಮೊದಲ 1 ಸೆಂ.ಮೀ.ಗೆ 10 ಸೆಕೆಂಡ್ ಹಿಡಿದರೆ, 2 ಸೆಂ.ಮೀ. ತಲುಪಲು 40 ಸೆಕೆಂಡ್, 4 ಸೆಂ.ಮೀ. ತಲುಪಲು 160 ಸೆಕೆಂಡ್ ಬೇಕು.

ರಂಧ್ರ ಚಿಕ್ಕದಾದರೆ ಎಳೆತ ಜಾಸ್ತಿ ಅಲ್ಲವೇ, ಹಾಗಿದ್ದರೆ ಹರಿವು ಯಾಕೆ ನಿಧಾನ? ಈ ಪ್ರಶ್ನೆ ಎಲ್ಲರಿಗೂ ಬರುತ್ತದೆ, ಬರಲೇಬೇಕು. ತ್ರಿಜ್ಯ ಅರ್ಧವಾದರೆ ಎಳೆತ ಎರಡು ಪಟ್ಟಾಗುತ್ತದೆ ನಿಜ, ಆದರೆ ಅದೇ ವೇಗಕ್ಕೆ ಘರ್ಷಣೆಯ ತಡೆ ನಾಲ್ಕು ಪಟ್ಟಾಗುತ್ತದೆ. ಗೆಲ್ಲುವುದು ತಡೆ. ಸ್ನಿಗ್ಧತೆಯ ಪಾತ್ರ ಇನ್ನೂ ಸರಳ: 20 ಡಿಗ್ರಿ ಸೆಲ್ಸಿಯಸ್‌ನಿಂದ 30ಕ್ಕೆ ಹೋದರೆ ನೀರಿನ ಸ್ನಿಗ್ಧತೆ ಸುಮಾರು ಐದನೇ ಒಂದು ಭಾಗ ಇಳಿಯುತ್ತದೆ, ಮೇಲ್ಮೈ ಎಳೆತ ಹೆಚ್ಚು ಬದಲಾಗದು. ಅಂದರೆ ಬಿಸಿಲಿನ ದಿನ ಅದೇ ಪಟ್ಟಿ ಬೇಗ ಓಡುತ್ತದೆ.

ಗುರುತ್ವವನ್ನು ಇಲ್ಲಿ ಬಿಟ್ಟುಬಿಡಬಹುದು. 5 ಮೈಕ್ರೋಮೀಟರ್ ತ್ರಿಜ್ಯದ ಕೊಳವೆಯಲ್ಲಿ ನೀರು ಲೆಕ್ಕದ ಪ್ರಕಾರ ಸುಮಾರು 3 ಮೀಟರ್ ಏರಬಲ್ಲದು. ಕೆಲವೇ ಸೆಂಟಿಮೀಟರ್ ಪಟ್ಟಿಯಲ್ಲಿ ಗುರುತ್ವದ ಪರಿಣಾಮ ತೀರಾ ಅಲ್ಪ.

ಪಟ್ಟಿಯ ನಾಲ್ಕು ಭಾಗ

ಹನಿ ಬೀಳುವ ಪ್ಯಾಡ್, ಬಣ್ಣದ ಕಣಗಳನ್ನು ಒಣಗಿಸಿಟ್ಟ ಪ್ಯಾಡ್, ಗೆರೆಗಳಿರುವ ನೈಟ್ರೋಸೆಲ್ಯುಲೋಸ್ ಪೊರೆ, ಕೊನೆಗೆ ಹೀರುವ ಪ್ಯಾಡ್. ಬಣ್ಣದ ಕಣಗಳು ಹೆಚ್ಚಾಗಿ ಸುಮಾರು 40 ನ್ಯಾನೋಮೀಟರ್ ಅಳತೆಯ ಚಿನ್ನದ ಕಣಗಳು. ಕೆಂಪು ಗೆರೆಯ ಬಣ್ಣ ಅವುಗಳದ್ದೇ. ಒಣಗಿಸುವಾಗ ಜೊತೆಗೆ ಸಕ್ಕರೆ ಸೇರಿಸಿರುತ್ತಾರೆ; ನೀರು ಮುಟ್ಟಿದೊಡನೆ ಅದು ಕರಗಿ ಕಣಗಳು ಬಿಡುಗಡೆಯಾಗುತ್ತವೆ.

ಪೊರೆಯನ್ನು ಕೊಳ್ಳುವವರು ಮೊದಲು ಕೇಳುವುದು 4 ಸೆಂ.ಮೀ. ಸಾಗಲು ನೀರಿಗೆ ಎಷ್ಟು ಸೆಕೆಂಡ್ ಬೇಕು ಎಂದು. ಬೇಗ ಓಡುವ ಪೊರೆಗೆ ಸುಮಾರು 75, ನಿಧಾನದ್ದಕ್ಕೆ 200ಕ್ಕೂ ಹೆಚ್ಚು. ನಿಧಾನ ಎಂದರೆ ದೋಷವಲ್ಲ. ಪ್ರತಿಜನಕ ಹೊತ್ತ ಕಣ ಗೆರೆಯನ್ನು ದಾಟುವಾಗ ಅಲ್ಲಿನ ಪ್ರತಿಕಾಯಕ್ಕೆ ಅಂಟಿಕೊಳ್ಳಲು ಸಿಗುವುದು ಅಷ್ಟೇ ಹೊತ್ತು. ಹರಿವು ನಿಧಾನವಾದಷ್ಟೂ ಮಸುಕು ಗೆರೆ ಕಾಣುವ ಸಾಧ್ಯತೆ ಹೆಚ್ಚು. ಗೆರೆಯನ್ನು ಹನಿಯಿಂದ ದೂರ ಇಟ್ಟರೂ ಇದೇ ಲಾಭ, ಏಕೆಂದರೆ ಅಷ್ಟು ಹೊತ್ತಿಗೆ ಮುಂಚೂಣಿಯ ವೇಗ ಇಳಿದಿರುತ್ತದೆ. ಬದಲಿಗೆ ಕಾಯುವ ಸಮಯ ಬೆಳೆಯುತ್ತದೆ, ದ್ರವವೂ ಹೆಚ್ಚು ಬೇಕು.

ಇಲ್ಲೊಂದು ಸೊಗಸಾದ ಲೆಕ್ಕವಿದೆ. ಇಷ್ಟು ಸಣ್ಣ ಸಂದುಗಳಲ್ಲಿ ಸುಳಿ ಏಳುವುದಿಲ್ಲ. ಹರಿವಿಗೆ ಅಡ್ಡಲಾಗಿ ಅಣುಗಳು ಸಾಗುವುದು ಬಹುತೇಕ ವಿಸರಣೆಯಿಂದ, ಅಂದರೆ ತಮ್ಮಷ್ಟಕ್ಕೆ ಅಡ್ಡಾದಿಡ್ಡಿ ಚಲಿಸಿ ಹರಡುವುದರಿಂದ. ವಿಸರಣೆಗೂ ದೂರದ ವರ್ಗದ ನಿಯಮವೇ. ಪ್ರತಿಕಾಯದಂಥ ದೊಡ್ಡ ಪ್ರೋಟೀನ್ 1 ಮಿ.ಮೀ. ಸರಿಯಲು ಮೂರು ಗಂಟೆಗೂ ಹೆಚ್ಚು ಬೇಕು, 10 ಮೈಕ್ರೋಮೀಟರ್ ಸರಿಯಲು ಸುಮಾರು ಒಂದು ಸೆಕೆಂಡ್ ಸಾಕು. ರಂಧ್ರದ ಅಗಲವೂ ಆಸುಪಾಸು ಅಷ್ಟೇ. ಪ್ರಯೋಗಾಲಯದ ಬಾವಿ-ತಟ್ಟೆಯಲ್ಲಿ (ಸಣ್ಣ ಗುಳಿಗಳಿರುವ ಪರೀಕ್ಷಾ ತಟ್ಟೆ) ಗಂಟೆಗಟ್ಟಲೆ ಹಿಡಿಯುವ ಬಂಧನ ಪಟ್ಟಿಯಲ್ಲಿ ನಿಮಿಷಗಳಲ್ಲಿ ಮುಗಿಯಲು ಇದು ಮುಖ್ಯ ಕಾರಣ.

ಮುಂಚೂಣಿ ಹೀರುವ ಪ್ಯಾಡ್ ತಲುಪಿದ ಮೇಲೆ ಆಟದ ನಿಯಮ ಬದಲಾಗುತ್ತದೆ. ಪೊರೆ ಪೂರ್ತಿ ಒದ್ದೆಯಾಗಿದೆ, ಅದರ ತಡೆ ಇನ್ನು ಬೆಳೆಯದು. ದಪ್ಪ ಪ್ಯಾಡ್‌ನ ತಡೆ ಪೊರೆಯದಕ್ಕಿಂತ ಬಹಳ ಕಡಿಮೆ. ಹಾಗಾಗಿ ಪ್ಯಾಡ್ ತುಂಬುವವರೆಗೆ ಹರಿವು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ನಡೆಯುತ್ತದೆ. ಇಲ್ಲಿಗೆ ಹೊಂದುವುದು 1856ರ ಡಾರ್ಸಿ ನಿಯಮ: ಹರಿವು ಒತ್ತಡದ ವ್ಯತ್ಯಾಸಕ್ಕೆ ನೇರ ಅನುಪಾತ, ಸ್ನಿಗ್ಧತೆಗೂ ಉದ್ದಕ್ಕೂ ವಿಲೋಮ ಅನುಪಾತ. ಪರೀಕ್ಷೆ ಬರೆಯುವಾಗ ಇಡೀ ಪಟ್ಟಿಗೆ ವಾಶ್‌ಬರ್ನ್ ಸೂತ್ರವನ್ನೇ ಹಾಕುವವರಿದ್ದಾರೆ. ಅದು ಅರ್ಧ ದಾರಿಗೆ ಮಾತ್ರ ಸರಿ.

ಮೇಣದ ಗೋಡೆಗಳು

2007ರಲ್ಲಿ ಹಾರ್ವರ್ಡ್‌ನ ವೈಟ್‌ಸೈಡ್ಸ್ ತಂಡ ಕಾಗದದಲ್ಲಿ ನೀರು ಹಿಡಿಯದ ಗೋಡೆಗಳನ್ನು ಮಾಡಿ ಒಂದೇ ಹನಿಯನ್ನು ಹಲವು ಕಾಲುವೆಗಳಿಗೆ ಹಂಚಿ ತೋರಿಸಿತು. ಆಮೇಲೆ ಮೇಣದ ಮುದ್ರಣ ಬಂತು: ಮೇಣದಲ್ಲಿ ಗೆರೆ ಮುದ್ರಿಸಿ ಬಿಸಿ ಮಾಡಿದರೆ ಕರಗಿದ ಮೇಣ ಕಾಗದದ ಆಳಕ್ಕಿಳಿದು ಗೋಡೆಯಾಗುತ್ತದೆ. ಅದು ಪಕ್ಕಕ್ಕೂ ಹರಡುತ್ತದೆ, ಅದೂ ಕೇಶಾಕರ್ಷಣೆಯಿಂದಲೇ! ಆದ್ದರಿಂದ ಚಿತ್ರದಲ್ಲಿ ಕಾಲುವೆಯನ್ನು ಬೇಕಾದ್ದಕ್ಕಿಂತ ಅಗಲವಾಗಿ ಬರೆಯಬೇಕು.

ಅಗಲ ಒಂದೇ ಸಮ ಇರುವವರೆಗೆ ಅದು ವೇಗವನ್ನು ಅಷ್ಟಾಗಿ ಬದಲಿಸದು. ಕಿರಿದಾದ ಕಾಲುವೆ ಒಮ್ಮೆಲೇ ಅಗಲವಾದರೆ ಮಾತ್ರ ಮುಂಚೂಣಿ ನಿಧಾನವಾಗುತ್ತದೆ: ತುಂಬಬೇಕಾದ ಜಾಗ ಜಾಸ್ತಿ, ದ್ರವ ಬರುವ ದಾರಿ ಕಿರಿದು. ಎರಡು ದ್ರವಗಳು ಬೇರೆ ಬೇರೆ ಹೊತ್ತಿಗೆ ತಲುಪಬೇಕೆಂದಾಗ ಈ ಉಪಾಯ ಕೆಲಸಕ್ಕೆ ಬರುತ್ತದೆ.

ಸೂತ್ರ ಮರೆತದ್ದು: ಗಾಳಿ

ವಾಶ್‌ಬರ್ನ್ ಸೂತ್ರದಲ್ಲಿ ಆವಿಯಾಗುವಿಕೆ ಇಲ್ಲ. ತೆರೆದ ಕಾಗದದಲ್ಲಿ ಒದ್ದೆ ಜಾಗ ಹಿಗ್ಗಿದಷ್ಟೂ ಆವಿಯಾಗುವ ನೀರು ಹೆಚ್ಚುತ್ತದೆ. ಒಳಬರುವುದೂ ಹೊರಹೋಗುವುದೂ ಸಮವಾದ ಜಾಗದಲ್ಲಿ ಮುಂಚೂಣಿ ನಿಂತುಬಿಡುತ್ತದೆ. ಕಿಟ್‌ನಲ್ಲಿ ತೊಂದರೆ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಪೊರೆ ಒಣಗತೊಡಗಿದಾಗ ಹೀರುವ ಪ್ಯಾಡ್‌ನಲ್ಲಿದ್ದ ದ್ರವ ಹಿಂದಕ್ಕೆ ಹರಿದು, ಅಂಟದೆ ಹೋಗಿದ್ದ ಚಿನ್ನದ ಕಣಗಳನ್ನು ಮತ್ತೆ ಗೆರೆಯ ಬಳಿಗೆ ತರಬಹುದು. ನಿಗದಿತ ಸಮಯ ಮೀರಿದ ಮೇಲೆ ಮೂಡುವ ಮಸುಕು ಗೆರೆಯನ್ನು ನಂಬಬಾರದು ಎನ್ನಲು ಇದೊಂದು ಕಾರಣ.

ಕೈಯಾರೆ ನೋಡಬೇಕೆಂದರೆ ಸೋಸು ಕಾಗದದ ಎರಡು ಸಮ ಪಟ್ಟಿ ಕತ್ತರಿಸಿ, ಬಣ್ಣದ ನೀರಿನಲ್ಲಿ ತುದಿ ಅದ್ದಿ ನಿಲ್ಲಿಸಿ: ಒಂದು ತೆರೆದ ಗಾಳಿಯಲ್ಲಿ, ಇನ್ನೊಂದು ತಳದಲ್ಲಿ ನೀರಿರುವ ಮುಚ್ಚಿದ ಜಾಡಿಯಲ್ಲಿ. ದೂರದ ವರ್ಗವನ್ನು ಕಾಲದ ಎದುರು ಗುರುತಿಸಿ. ಜಾಡಿಯೊಳಗಿನದು ಹೆಚ್ಚು ದೂರ ನೇರ ಗೆರೆಯಾಗಿ ಸಾಗುತ್ತದೆ, ಹೊರಗಿನದು ಬೇಗ ಕೆಳಕ್ಕೆ ಬಾಗುತ್ತದೆ. ನಡುವಿನ ಅಂತರವೆಲ್ಲ ಗಾಳಿಗೆ ಹೋದ ನೀರಿನ ಪರಿಣಾಮ.