ಬಫರ್ ಅಂಡರ್‌ರನ್: ಕಂಪ್ಯೂಟರಿನಲ್ಲಿ ಹಾಡು ಕಡಿದು ಕಡಿದು ಕೇಳುವುದೇಕೆ?

ಹುಬ್ಬಳ್ಳಿಯವರಿಗೆ ‘ಬಫರ್’ ಎಂಬ ಪದ ಕಂಪ್ಯೂಟರಿಗಿಂತ ಬಹಳ ಮೊದಲೇ ಪರಿಚಿತ. ಇಲ್ಲಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರನ್ನು ಕೇಳಿದರೆ, ಹಳೆಯ ಮಾದರಿಯ ಬೋಗಿಗಳ ಎರಡೂ ತುದಿಗೆ ತಟ್ಟೆಯಂತೆ ಚಾಚಿಕೊಂಡಿರುವ, ಹಿಂದೆ ಸ್ಪ್ರಿಂಗ್ ಇರುವ ಜೋಡಿ ಭಾಗಗಳನ್ನು ಬಫರ್ ಎಂದು ತೋರಿಸುತ್ತಾರೆ. ಎಂಜಿನ್ ಬಂದು ತಾಗಿದಾಗ ಆ ಪೆಟ್ಟು ಒಳಗೆ ಕುಳಿತವರವರೆಗೆ ಹೋಗದಂತೆ ನುಂಗಿಕೊಳ್ಳುವುದು ಅದರ ಕೆಲಸ. ಕಂಪ್ಯೂಟರಿನ ಬಫರ್ ಇದೇ ರೀತಿ ವಿಳಂಬದ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಅದು ಮೆಮರಿಯಲ್ಲಿ ಕಾದಿರಿಸಿದ ಒಂದು ಸಣ್ಣ ಜಾಗ. ಮುಂದಿನ ಕ್ಷಣಕ್ಕೆ ಬೇಕಾದ ಧ್ವನಿಯ ದತ್ತಾಂಶವನ್ನು ಅಲ್ಲಿ ಮೊದಲೇ ತಂದು ಇಟ್ಟಿರಲಾಗುತ್ತದೆ. ತಂದಿಡುವುದಕ್ಕೆ ಮೊದಲೇ ಅದು ಬರಿದಾದರೆ ಆ ಸ್ಥಿತಿಯನ್ನು ‘ಬಫರ್ ಅಂಡರ್‌ರನ್’ ಎನ್ನುತ್ತಾರೆ. ಡೆಸ್ಕ್‌ಟಾಪಿನಲ್ಲಿ ಹಾಡು ತೊದಲುವುದಕ್ಕೆ, ಜಿಗಿಯುವುದಕ್ಕೆ, ‘ಕಟ್ ಕಟ್’ ಆಗುವುದಕ್ಕೆ ಬಹುಪಾಲು ಇದೇ ಕಾರಣ.

ನಳದ ನೀರು ಹಲವು ದಿನಗಳಿಗೊಮ್ಮೆ ಬರುವುದನ್ನು ಕಂಡಿರುವ ಅವಳಿ ನಗರದ ಓದುಗರಿಗೆ ಇದನ್ನು ಬಿಡಿಸಿ ಹೇಳುವುದು ಕಷ್ಟವಲ್ಲ. ನಳಕ್ಕೆ ನೀರು ಬಂದಾಗ ನೆಲದೊಳಗಿನ ಟಾಕಿ ತುಂಬುತ್ತದೆ, ಮೋಟಾರು ಅದನ್ನು ಮಾಳಿಗೆಯ ಮೇಲಿನ ಟಾಕಿಗೆ ಏರಿಸುತ್ತದೆ, ಅಡುಗೆಮನೆಯ ನಲ್ಲಿ ಯಾವಾಗ ತಿರುವಿದರೂ ಒಂದೇ ಧಾರೆಯಾಗಿ ಸುರಿಯುತ್ತದೆ. ಕಂಪ್ಯೂಟರಿನಲ್ಲಿಯೂ ಹೀಗೆಯೇ ಎರಡು ಟಾಕಿಗಳಿವೆ. ಹಾಡು ನುಡಿಸುವ ತಂತ್ರಾಂಶವು ಹಾರ್ಡ್ ಡಿಸ್ಕಿನಿಂದ ಫೈಲನ್ನು ಓದಿ ತನ್ನ ದೊಡ್ಡ ಬಫರಿನಲ್ಲಿ ಇಟ್ಟುಕೊಳ್ಳುತ್ತದೆ. ಅಲ್ಲಿಂದ ಸ್ವಲ್ಪ ಸ್ವಲ್ಪವೇ ಎತ್ತಿ, ಅಂಕಿಗಳನ್ನು ಸದ್ದಾಗಿಸುವ ಸೌಂಡ್ ಕಾರ್ಡಿನ ಚಿಕ್ಕ ಬಫರಿಗೆ ಸಾಗಿಸುವ ಮೋಟಾರಿನ ಕೆಲಸವನ್ನು ಪ್ರೊಸೆಸರ್ ಮಾಡುತ್ತದೆ. ಕೆಳಗಿನ ಟಾಕಿ ತುಂಬಿದ್ದೂ ಮೋಟಾರು ನಿಂತರೆ ನಲ್ಲಿ ಒಣಗುತ್ತದೆ ಎಂಬುದನ್ನು ನೆನಪಿನಲ್ಲಿಟ್ಟರೆ ಮುಂದಿನದೆಲ್ಲ ಸುಲಭ.

ಸೀಡಿ ಗುಣಮಟ್ಟದ ಧ್ವನಿಗೆ ಸೆಕೆಂಡಿಗೆ 44,100 ಮಾದರಿಗಳು (ಧ್ವನಿಯ ಅಲೆಯನ್ನು ಕ್ಷಣಕ್ಷಣಕ್ಕೆ ಅಳೆದಿಟ್ಟ ಅಂಕಿಗಳು, ಸ್ಯಾಂಪಲ್) ಬೇಕು. ಎಡ ಬಲ ಎರಡೂ ಸೇರಿ, ಪ್ರತಿ ಮಾದರಿಗೆ 16 ಬಿಟ್‌ನಂತೆ ಲೆಕ್ಕ ಹಾಕಿದರೆ ಸೆಕೆಂಡಿಗೆ 1,76,400 ಬೈಟ್ ಆಗುತ್ತದೆ. ಇಂದಿನ ಯಾವ ಕಂಪ್ಯೂಟರಿಗೂ ಇದೊಂದು ಭಾರವಲ್ಲ. ತೊಡಕು ಇರುವುದು ಪ್ರಮಾಣದಲ್ಲಿ ಅಲ್ಲ, ಗಡುವಿನಲ್ಲಿ. ಸೌಂಡ್ ಕಾರ್ಡಿನ ಬಫರಿನಲ್ಲಿ 512 ಮಾದರಿಗಳಷ್ಟೇ ಇದ್ದರೆ ಅದು ಸುಮಾರು 11.6 ಮಿಲಿಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಅಷ್ಟರೊಳಗೆ ಮುಂದಿನ ಕಂತು ಬಂದಿರಲೇಬೇಕು. ಗಂಟೆಯಿಡೀ ಚುರುಕಾಗಿದ್ದ ಯಂತ್ರ ಒಮ್ಮೆ 30 ಮಿಲಿಸೆಕೆಂಡು ಬೇರೆಡೆ ತಿರುಗಿದರೂ ಕಿವಿಗೆ ಗೊತ್ತಾಗುತ್ತದೆ. ಹೊಸ ಪ್ರೊಸೆಸರ್, ಹೆಚ್ಚು ರ‍್ಯಾಮ್ ಹಾಕಿಸಿದ ಮೇಲೂ ಹಾಡು ಕಡಿಯುತ್ತದೆ ಎಂದು ಗೊಣಗುವವರು ಗಮನಿಸಬೇಕಾದದ್ದು ಈ ಗಡುವನ್ನು.

ಯೂಟ್ಯೂಬಿನಲ್ಲಿ ಸುತ್ತುವ ಚಕ್ರವನ್ನು ನೋಡಿ ‘ಬಫರಿಂಗ್ ಆಗುತ್ತಿದೆ’ ಎನ್ನುತ್ತೇವಲ್ಲ, ಅಲ್ಲಿಯೂ ಬಫರ್ ಬರಿದಾಗಿರುತ್ತದೆ; ಆದರೆ ಚಿತ್ರ ಮರ್ಯಾದೆಯಿಂದ ನಿಂತು, ಟಾಕಿ ತುಂಬಲೆಂದು ಕಾಯುತ್ತದೆ. ಸೌಂಡ್ ಕಾರ್ಡ್ ಕಾಯುವುದಿಲ್ಲ. ಬಫರಿನಲ್ಲಿ ಹೊಸತು ಬಂದಿರದಿದ್ದರೆ ಕೆಲವು ಡ್ರೈವರುಗಳು (ಯಂತ್ರದ ಬಿಡಿಭಾಗಗಳನ್ನು ನಡೆಸುವ ಸಣ್ಣ ತಂತ್ರಾಂಶಗಳು) ಹಳೆಯ ತುಣುಕನ್ನೇ ಮತ್ತೆ ಮತ್ತೆ ನುಡಿಸುತ್ತವೆ, ಆಗ ‘ಬರ್ರ್’ ಎಂಬ ಕರ್ಕಶ ಸದ್ದು ಹೊರಡುತ್ತದೆ. ಇನ್ನು ಕೆಲವು ಮೌನವನ್ನು ತುಂಬುತ್ತವೆ, ಆಗ ಧ್ವನಿಯ ಅಲೆ ನಡುವೆಯೇ ತುಂಡಾಗಿ ‘ಟಕ್’ ಎನ್ನುತ್ತದೆ. ಅಬ್ಬರದ ವಾದ್ಯಮೇಳದಲ್ಲಿ ಇಂಥ ಒಂದೆರಡು ‘ಟಕ್’ಗಳು ಮುಚ್ಚಿಹೋಗುತ್ತವೆ. ಗಂಗೂಬಾಯಿ ಹಾನಗಲ್ಲರ ಒಂದು ವಿಲಂಬಿತ ಖ್ಯಾಲನ್ನು ಹಚ್ಚಿ ನೋಡಿ: ಎಳೆ ಕಡಿಯದ ತಂಬೂರಿಯ ನಾದದಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗದ ಬಿರುಕೂ ಬಿಳಿ ಧೋತರದ ಮೇಲಿನ ಮಸಿಯಂತೆ ಎದ್ದು ಕಾಣುತ್ತದೆ. ಯಂತ್ರವನ್ನು ಪರೀಕ್ಷಿಸಲು ತಂಬೂರಿಗಿಂತ ಒಳ್ಳೆಯ ಸಾಧನ ನನಗೆ ಕಂಡಿಲ್ಲ.

ಸೀಡಿ ಬರೆಸಿಕೊಳ್ಳುತ್ತಿದ್ದ ಕಾಲದವರಿಗೆ ಈ ಪದ ಇನ್ನೊಂದು ಬಗೆಯಲ್ಲಿ ನೆನಪಿರಬಹುದು. ಬರೆಯುವ ಲೇಸರ್ ನಡುವೆ ನಿಲ್ಲುವಂತಿರಲಿಲ್ಲ. ಬಫರ್ ಒಮ್ಮೆ ಬರಿದಾದರೆ ಇಡೀ ಡಿಸ್ಕ್ ಕೆಡುತ್ತಿತ್ತು. 2000ರಲ್ಲಿ ಸಾನ್ಯೋ ಕಂಪನಿ ತಂದ ಬರ್ನ್-ಪ್ರೂಫ್ ತಂತ್ರದಿಂದ ಬರೆಯುವುದನ್ನು ನಿಲ್ಲಿಸಿ, ಬಿಟ್ಟಲ್ಲಿಂದ ಮುಂದುವರಿಸುವುದು ಸಾಧ್ಯವಾಯಿತು.

ತಡವಾಗುವುದಾದರೂ ಎಲ್ಲಿ? ನಮ್ಮ ಮನೆಯದೇ ಒಂದು ಉದಾಹರಣೆ ಕೊಡುತ್ತೇನೆ. ಧಾರವಾಡದ ಮನೆಯಲ್ಲಿ ಆಗ ವಿಂಡೋಸ್ ಎಕ್ಸ್‌ಪಿ ಇದ್ದ ಒಂದು ಡೆಸ್ಕ್‌ಟಾಪ್ ಇತ್ತು; ಕಾಕಾನ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಅದಕ್ಕೆ ಇಳಿಸಿದ್ದೆವು. ಕೆಲವು ತಿಂಗಳ ಬಳಿಕ ಹಾಡು ತೊದಲತೊಡಗಿತು, ಜೊತೆಗೆ ಮೌಸಿನ ಬಾಣವೂ ತಡೆದು ತಡೆದು ಚಲಿಸುತ್ತಿತ್ತು. ದುರಸ್ತಿಯವರ ಮಾತು ಕೇಳಿ ಮೊದಲು ಸ್ಪೀಕರ್, ಆಮೇಲೆ ಸೌಂಡ್ ಕಾರ್ಡ್ ಬದಲಿಸಿದೆವು. “ತಮ್ಮಾ, ಟೇಪ್‌ರಿಕಾರ್ಡರೇ ಛಲೋ ಇತ್ತು ನೋಡು” ಎಂದು ಕಾಕಾ ಎದ್ದು ಹೋದ. ಕೊನೆಗೆ ಡಿವೈಸ್ ಮ್ಯಾನೇಜರಿನಲ್ಲಿ ಡಿಸ್ಕನ್ನು ಜೋಡಿಸುವ ‘ಪ್ರೈಮರಿ ಐಡಿಇ ಚಾನೆಲ್’ ತೆರೆದಾಗ ‘ಅಲ್ಟ್ರಾ ಡಿಎಂಎ’ ಎಂದು ಇರಬೇಕಾದಲ್ಲಿ ‘ಪಿಐಓ’ ಎಂದಿತ್ತು. ಡಿಎಂಎ ವಿಧಾನದಲ್ಲಿ ಡಿಸ್ಕಿನ ದತ್ತಾಂಶ ಪ್ರೊಸೆಸರನ್ನು ಕಾಡದೆ ನೇರವಾಗಿ ಮೆಮರಿಗೆ ಹೋಗುತ್ತದೆ; ಪಿಐಓ ವಿಧಾನದಲ್ಲಿ ಪ್ರೊಸೆಸರೇ ಕೊಡ ಕೊಡವಾಗಿ ಹೊರಬೇಕು. ಡಿಸ್ಕ್ ಓದುವಾಗಿನ ದೋಷಗಳ ಎಣಿಕೆ ಆರಕ್ಕೆ ಮುಟ್ಟಿದರೆ ಎಕ್ಸ್‌ಪಿ ತಾನಾಗಿಯೇ ವೇಗ ತಗ್ಗಿಸುತ್ತ ಕೊನೆಗೆ ಪಿಐಓಗೆ ಇಳಿದುಬಿಡುತ್ತಿತ್ತು, ಬಳಕೆದಾರರಿಗೆ ಸೂಚನೆ ಕೂಡ ಕೊಡುತ್ತಿರಲಿಲ್ಲ. ದೋಷದ ಮೂಲ ಸಡಿಲವಾಗಿದ್ದ ಡಿಸ್ಕಿನ ಕೇಬಲ್. ಅದನ್ನು ಒತ್ತಿ ಕೂರಿಸಿ, ಆ ಚಾನೆಲನ್ನು ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರನ್ನು ಮತ್ತೆ ಶುರು ಮಾಡಿದೆವು. ತಂಬೂರಿ ತುಂಡಾಗುವುದು ನಿಂತಿತು.

ಇಂದು ಪಿಐಓ ಕಾಟ ಇಲ್ಲವಾದರೂ ಹುಡುಕುವ ದಾರಿ ಅದೇ: ಕೊರತೆ ನಳದ (ಡಿಸ್ಕಿನ) ಕಡೆಗಿದೆಯೋ, ಮೋಟಾರಿನ (ಪ್ರೊಸೆಸರಿನ) ಕಡೆಗಿದೆಯೋ ಎಂದು ಮೊದಲು ತಿಳಿಯಬೇಕು. ಕಡಿಯುವ ಹಾಡನ್ನು ಬೇರೆ ಡಿಸ್ಕಿಗೋ ಪೆನ್‌ಡ್ರೈವಿಗೋ ನಕಲು ಮಾಡಿ ಅಲ್ಲಿಂದ ನುಡಿಸಿದಾಗ ಸರಿಯಾದರೆ ಹಳೆಯ ಡಿಸ್ಕಿನ ಮೇಲೆ ಸಂಶಯಪಡಬೇಕು. ತನ್ನ ಮೇಲಿನ ಕೆಟ್ಟ ಸೆಕ್ಟರನ್ನು (ಹಾಳಾದ ಸಣ್ಣ ತುಣುಕನ್ನು) ಅದು ಮತ್ತೆ ಮತ್ತೆ ಓದಲು ಹೆಣಗುವಾಗ ಸೆಕೆಂಡುಗಳೇ ಕಳೆಯಬಹುದು. ಪ್ರತಿ ಸಲವೂ ಒಂದೇ ಜಾಗದಲ್ಲಿ, ಯಾವ ಯಂತ್ರದಲ್ಲಿ ಹಚ್ಚಿದರೂ ಕಡಿದರೆ ಫೈಲೇ ಕೆಟ್ಟಿದೆ, ಬಫರಿನ ತಪ್ಪಿಲ್ಲ. ಎಲ್ಲ ಹಾಡುಗಳೂ, ಬ್ರೌಸರಿನ ಧ್ವನಿಯೂ ಗೊತ್ತುಗುರಿಯಿಲ್ಲದೆ ಕಡಿಯುತ್ತಿದ್ದರೆ ಮೋಟಾರಿನ ಕಡೆಗೆ ತಿರುಗಬೇಕು. ಯಾವುದೋ ಡ್ರೈವರ್, ಬಹಳ ಸಲ ವೈಫೈಯದು ಅಥವಾ ಗ್ರಾಫಿಕ್ಸಿನದು, ಪ್ರೊಸೆಸರನ್ನು ಹಿಡಿದಿಟ್ಟುಕೊಂಡು ಬಿಡದೆ ಇರುತ್ತದೆ. ವಿಂಡೋಸಿನಲ್ಲಿ ಲೇಟೆನ್ಸಿಮಾನ್ ಎಂಬ ತಂತ್ರಾಂಶ ಅಂಥ ಡ್ರೈವರನ್ನು ಹೆಸರು ಹಿಡಿದು ತೋರಿಸುತ್ತದೆ. ವೈಫೈ ಬಂದ್ ಮಾಡಿ ಹತ್ತು ನಿಮಿಷ ಕೇಳುವುದು ಅದಕ್ಕಿಂತ ಸರಳವಾದ ಪರೀಕ್ಷೆ. ವಿದ್ಯುತ್ ಉಳಿಸುವ ಸೆಟ್ಟಿಂಗಿನಿಂದ ಪ್ರೊಸೆಸರ್ ಅರೆನಿದ್ರೆಗೆ ಜಾರುವುದೂ, ಬೇಸಿಗೆಯಲ್ಲಿ ಫ್ಯಾನಿಗೆ ದೂಳು ಕಟ್ಟಿ ಬಿಸಿಯೇರಿ ವೇಗ ಕುಗ್ಗುವುದೂ ಉಂಟು. ಪಿನ್ ಸಡಿಲವಾಗಿ ಬರುವ ಗರಗರ ಸದ್ದು ಬೇರೆ. ವಯರನ್ನು ಅಲುಗಾಡಿಸಿದಾಗ ಅದು ಬದಲಾಗುತ್ತದೆ.

ಬಫರನ್ನೇ ದೊಡ್ಡದು ಮಾಡಿದರಾಗದೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಹಾಡು ನುಡಿಸುವ ವಿಎಲ್‌ಸಿ ತಂತ್ರಾಂಶದಲ್ಲಿ ಫೈಲ್ ಕ್ಯಾಶಿಂಗ್ ಎಂಬ ಅಂಕಿಯನ್ನು ಮಿಲಿಸೆಕೆಂಡಿನ ಲೆಕ್ಕದಲ್ಲಿ ಏರಿಸಬಹುದು. ಆದರೆ ಅದು ಕೆಳಗಿನ ಟಾಕಿಯನ್ನು ಹಿಗ್ಗಿಸುವ ಉಪಾಯ, ಮೋಟಾರು ನಿಂತರೆ ಉಪಯೋಗಕ್ಕೆ ಬಾರದು. ಮೇಲಿನ ಟಾಕಿಯನ್ನು ಹಿಗ್ಗಿಸುವುದಕ್ಕೆ ಬೇರೆಯೇ ಬೆಲೆಯಿದೆ. 128 ಮಾದರಿಗಳ ಬಫರಿನಲ್ಲಿ ತಡ 3 ಮಿಲಿಸೆಕೆಂಡಿಗಿಂತ ಕಡಿಮೆ, 2,048ಕ್ಕೆ ಏರಿಸಿದರೆ 46 ದಾಟುತ್ತದೆ. ಗದಗಿನಲ್ಲಿ ಸಂಗೀತ ಕಲಿಯುವ ಹುಡುಗನೊಬ್ಬ ಹೆಡ್‌ಫೋನ್ ಹಾಕಿಕೊಂಡು ತನ್ನ ಹಾಡನ್ನು ಕಂಪ್ಯೂಟರಿನಲ್ಲಿ ಮುದ್ರಿಸಿಕೊಳ್ಳುತ್ತ, ಅದರ ಮೂಲಕವೇ ಕೇಳಿಕೊಳ್ಳುತ್ತಿದ್ದಾನೆ ಎನ್ನಿ. ತನ್ನದೇ ದನಿ ಅಷ್ಟು ತಡವಾಗಿ ಕಿವಿಗೆ ಬಂದರೆ ಅವನ ಲಯ ಜಾರುತ್ತದೆ. ಅವನು ಬಫರನ್ನು ಚಿಕ್ಕದಾಗಿಯೇ ಇಟ್ಟು, ಯಂತ್ರದ ಉಳಿದ ಗದ್ದಲವನ್ನೆಲ್ಲ ನಿಲ್ಲಿಸಬೇಕಾಗುತ್ತದೆ. ಬರೀ ಕೇಳುವ ನಮಗೆ ಆ ಕಟ್ಟುಪಾಡಿಲ್ಲ. ಪ್ಲೇ ಒತ್ತಿದ ಅರ್ಧ ಸೆಕೆಂಡಿನ ಮೇಲೆ ಷಡ್ಜ ಹತ್ತಿದರೂ ಯಾರೂ ದೂರುವುದಿಲ್ಲ.