ಭಾನುವಾರದ ರೋಸ್ಟ್ ಮನೆಯಿಂದ ಪಬ್ಬಿಗೆ ಬಂದದ್ದು ಹೇಗೆ?

ಭಾನುವಾರ ಮಧ್ಯಾಹ್ನ ಇಂಗ್ಲೆಂಡಿನಲ್ಲಿ ಊಟ ಚೆನ್ನಾಗಿರುವ ಪಬ್ಬುಗಳಲ್ಲಿ ಟೇಬಲ್ ಸಿಗುವುದು ಕಷ್ಟ. ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಮನೆಮಂದಿಯೆಲ್ಲ ರೋಸ್ಟ್ ತಿನ್ನುತ್ತಾ ಕೂತಿರುತ್ತಾರೆ. ತಟ್ಟೆಯಲ್ಲಿ ದನದ್ದೋ ಕುರಿಯದೋ ಮಾಂಸದ ಹೋಳು, ಕೆಂಪಗೆ ಗರಿಗರಿಯಾದ ಆಲೂಗಡ್ಡೆ, ತರಕಾರಿ, ಪೂರಿಯಂತೆ ಉಬ್ಬಿದ ಯಾರ್ಕ್‌ಷೈರ್ ಪುಡಿಂಗ್. ಮೇಲೆ ಧಾರಾಳವಾಗಿ ಗ್ರೇವಿ. ನೂರಾರು ವರ್ಷಗಳಿಂದ ಹೀಗೇ ನಡೆದಿದೆ ಅನ್ನಿಸುತ್ತದೆ, ಅಲ್ವಾ? ಊಟವೇನೋ ಹಳೆಯದೇ. ಮಧ್ಯಾಹ್ನವಿಡೀ ಪಬ್ಬಿನಲ್ಲಿ ಆರಾಮವಾಗಿ ಕೂತು ತಿನ್ನುವುದು ಮಾತ್ರ ಈಚಿನದು.

ಓವನ್ ಬರುವ ಮೊದಲು ಮಾಂಸವನ್ನು ಕಬ್ಬಿಣದ ಸಲಾಕೆಗೆ ಚುಚ್ಚಿ, ಬೆಂಕಿಯ ಮುಂದೆ ತಿರುಗಿಸುತ್ತಾ ಸುಡುತ್ತಿದ್ದರು. ಕೆಲವು ಅಡುಗೆಮನೆಗಳಲ್ಲಿ ಸಲಾಕೆ ತಿರುಗಿಸಲೆಂದೇ ಗಿಡ್ಡ ಕಾಲಿನ ನಾಯಿಗಳನ್ನು ಚಕ್ರದೊಳಗೆ ಓಡಿಸುತ್ತಿದ್ದರು. ಮಾಂಸದ ಕೆಳಗೆ ಹಿಟ್ಟು, ಮೊಟ್ಟೆ, ಹಾಲು ಕಲಸಿ ಹುಯ್ದ ಬಾಣಲೆ. ತೊಟ್ಟಿಕ್ಕುವ ಕೊಬ್ಬೆಲ್ಲ ಅದರ ಮೇಲೆ ಬಿದ್ದು ಹದವಾಗಿ ಬೇಯುತ್ತಿತ್ತು. ಇದೇ ಯಾರ್ಕ್‌ಷೈರ್ ಪುಡಿಂಗ್. ಹ್ಯಾನಾ ಗ್ಲಾಸ್ ತನ್ನ 1747ರ ಅಡುಗೆ ಪುಸ್ತಕದಲ್ಲಿ ಇದನ್ನು ಮಾಡುವ ಬಗೆ ಬರೆದಿದ್ದಾಳೆ. ಮಾಂಸ ದುಬಾರಿ, ಆದ್ದರಿಂದ ಯಾರ್ಕ್‌ಷೈರಿನಲ್ಲಿ ಪುಡಿಂಗನ್ನು ಗ್ರೇವಿ ಜೊತೆ ಮೊದಲೇ ಬಡಿಸುತ್ತಿದ್ದರು. ಅರ್ಧ ಹೊಟ್ಟೆ ತುಂಬಿದವರಿಗೆ ಸ್ವಲ್ಪ ಮಾಂಸ ಸಾಕಾಗುತ್ತಿತ್ತು.

19ನೇ ಶತಮಾನದಲ್ಲಿ ಎಷ್ಟೋ ಬಡವರ ಮನೆಗಳಲ್ಲಿ ಓವನ್ ಇರಲಿಲ್ಲ. ಅವರಿಗೆ ಬೇಕರಿಯ ಭಟ್ಟಿಯೇ ಗತಿ. ಭಾನುವಾರ ಬೆಳಿಗ್ಗೆ ಮಾಂಸ, ಆಲೂಗಡ್ಡೆ ಜೋಡಿಸಿದ ಪಾತ್ರೆಯನ್ನು ಅಲ್ಲಿಗೆ ಒಯ್ದು ನಾಲ್ಕು ಕಾಸು ಕೊಟ್ಟರೆ, ಮಧ್ಯಾಹ್ನಕ್ಕೆ ಊಟ ಸಿದ್ಧ.

ಮುಂದೆ ಮನೆಮನೆಗೂ ಓವನ್ ಬಂತು. ಹೆಂಗಸರು ಬೆಳಗಿನಿಂದ ಅಡುಗೆಮನೆಯಲ್ಲಿ, ಊಟಕ್ಕೆ ಮುಂಚೆ ಗಂಡಸರು ಪಬ್ಬಿನಲ್ಲಿ. ಎಷ್ಟೋ ಮನೆಗಳ ಭಾನುವಾರ ಹೀಗಿತ್ತು. ಎರಡನೇ ಮಹಾಯುದ್ಧ ಬಂದಾಗ ಮಾಂಸವೂ ರೇಷನ್ ಆಯಿತು. 1940ರಲ್ಲಿ ಶುರುವಾದ ಆ ಕಟ್ಟು ಮುಗಿದದ್ದು 1954ರ ಜುಲೈ 4ರಂದು.

ಪಬ್ಬಿಗೆ ಕಟ್ಟು ಬಿದ್ದದ್ದು ಅದಕ್ಕೂ ಮೊದಲು. ಕಾರ್ಖಾನೆ ಕೆಲಸಗಾರರು ಕುಡಿದು ಯುದ್ಧದ ಕೆಲಸ ಕೆಡಬಾರದೆಂದು ಮೊದಲ ಮಹಾಯುದ್ಧದಲ್ಲಿ ಸರ್ಕಾರ ಪಬ್ಬುಗಳ ಹೊತ್ತು ಕಡಿತ ಮಾಡಿತು. ಯುದ್ಧ ಮುಗಿದರೂ ಮಧ್ಯಾಹ್ನ ಬಾಗಿಲು ಹಾಕುವ ನಿಯಮ ಉಳಿಯಿತು. ಭಾನುವಾರ 12ಕ್ಕೆ ತೆರೆದರೆ 2ಕ್ಕೆ ಬಂದ್, ಮತ್ತೆ ತೆರೆಯುವುದು ಸಂಜೆ 7ಕ್ಕೆ. ವೇಲ್ಸ್‌ನಲ್ಲಿ ಇನ್ನೂ ಬಿಗಿ. ಅಲ್ಲಿ 1881ರ ಕಾಯ್ದೆ ಭಾನುವಾರ ಪಬ್ಬುಗಳನ್ನೇ ಮುಚ್ಚಿಸಿತ್ತು. 1988ರಲ್ಲಿ ಇಂಗ್ಲೆಂಡಿನ ಪಬ್ಬುಗಳಿಗೆ ವಾರದ ದಿನಗಳಲ್ಲಿ ಮಧ್ಯಾಹ್ನವೂ ತೆರೆದಿರಲು ಅನುಮತಿ ಸಿಕ್ಕಿತು, ಭಾನುವಾರ ಸಿಕ್ಕಿದ್ದು ಒಂದೇ ಗಂಟೆ ಜಾಸ್ತಿ. 1995ರಲ್ಲಿ ಆ ತಡೆಯೂ ಹೋಯಿತು.

ನನ್ನ ಮಟ್ಟಿಗೆ ಇದೇ ದೊಡ್ಡ ತಿರುವು. ಅಲ್ಲಿಯವರೆಗೂ ಪಬ್ಬುಗಳು ರೋಸ್ಟ್ ಬಡಿಸುತ್ತಿರಲಿಲ್ಲ ಅಂತಲ್ಲ. ಆದರೆ ಮಕ್ಕಳು ಮರಿ ಕಟ್ಟಿಕೊಂಡು ಹೋಗಿ ನಿಧಾನವಾಗಿ ಉಣ್ಣಲು ಹೊತ್ತೆಲ್ಲಿತ್ತು? ಅಷ್ಟರಲ್ಲಿ 1991ರಲ್ಲಿ ಲಂಡನ್ನಿನ ಕ್ಲರ್ಕನ್‌ವೆಲ್‌ನಲ್ಲಿ 'ದಿ ಈಗಲ್' ಒಳ್ಳೆಯ ಅಡುಗೆಯ ಪಬ್ಬಾಗಿ ಹೆಸರು ಮಾಡಿತ್ತು. 2007ರ ಜುಲೈನಿಂದ ಇಂಗ್ಲೆಂಡಿನ ಪಬ್ಬುಗಳೊಳಗೆ ಸಿಗರೇಟಿನ ಹೊಗೆಯೂ ನಿಂತಿತು. ಭಾನುವಾರ ಬೆಳಗ್ಗೆಯೆಲ್ಲ ಒಲೆಯ ಮುಂದೆ ಕಳೆಯುತ್ತಿದ್ದ ತಾಯಂದಿರಿಗೂ ಕೂತು ಉಣ್ಣುವ ಅವಕಾಶ ಸಿಕ್ಕಿತು. ನನಗೆ ಇದು ತುಂಬಾ ಸಂತೋಷದ ಸಂಗತಿ.

ಅಲ್ಲಿರುವ ಸಸ್ಯಾಹಾರಿ ಕನ್ನಡಿಗರಿಗೆ ಬಾದಾಮಿ, ಗೋಡಂಬಿಯಂಥ ಬೀಜಗಳಿಂದ ಮಾಡಿದ ನಟ್ ರೋಸ್ಟ್ ಎಷ್ಟೋ ಪಬ್ಬುಗಳಲ್ಲಿ ಸಿಗುತ್ತದೆ. ಆದರೆ ಪಕ್ಕದ ಆಲೂಗಡ್ಡೆಯನ್ನು ದನದ ಇಲ್ಲವೇ ಬಾತುಕೋಳಿಯ ಕೊಬ್ಬಿನಲ್ಲಿ ಹುರಿದಿರಬಹುದು, ಗ್ರೇವಿಯಲ್ಲೂ ಮಾಂಸದ ರಸ ಇರಬಹುದು. ಆರ್ಡರ್ ಕೊಡುವ ಮೊದಲು ಎರಡನ್ನೂ ಕೇಳಿಬಿಡಿ.