ಜಾಬ್ ಕಾರ್ಡ್‌ನಲ್ಲಿ ಲಾಭ ಎಲ್ಲಿ ಸೋರುತ್ತದೆ? ಗ್ಯಾರೇಜ್ ಲೆಕ್ಕದ ಟಿಪ್ಪಣಿ

ತಿಂಗಳ ಲೆಕ್ಕ ನೋಡಿದರೆ ಗ್ಯಾರೇಜಿಗೆ ಒಟ್ಟು ಎಷ್ಟು ಉಳಿಯಿತು ಅಂತ ಗೊತ್ತಾಗುತ್ತದೆ. ಯಾವ ಗಾಡಿಯ ಯಾವ ಕೆಲಸದಲ್ಲಿ ಉಳಿಯಿತು, ಯಾವುದರಲ್ಲಿ ಕೈಯಿಂದ ಹೋಯಿತು ಅನ್ನುವುದು ಗೊತ್ತಾಗುವುದಿಲ್ಲ. ಅದಕ್ಕೇ ಪ್ರತಿ ಜಾಬ್ ಕಾರ್ಡಿಗೂ (ಗಾಡಿಯ ಒಂದು ಕೆಲಸದ ವಿವರ ಬರೆದಿಡುವ ಚೀಟಿ) ಬೇರೆ ಬೇರೆ ಲೆಕ್ಕ ಬೇಕು. ಗ್ಯಾರೇಜ್ ಲೆಕ್ಕದ ಸಾಫ್ಟ್‌ವೇರ್ ಮಾಡುವುದೂ ಇಷ್ಟೇ: ಪಾರ್ಟ್ಸ್, ಲೇಬರ್, ಲೇತ್‌ನಂಥ ಹೊರಗೆ ಮಾಡಿಸಿದ ಕೆಲಸ, ಎಲ್ಲವನ್ನೂ ಒಂದೇ ಜಾಬ್ ನಂಬರಿಗೆ ಸೇರಿಸುತ್ತದೆ. ತೆರಿಗೆ ನಮ್ಮ ಹಣ ಅಲ್ಲ, ಅದನ್ನು ಆದಾಯದಿಂದ ಮೊದಲೇ ತೆಗೆದುಬಿಡಿ.

ಒಂದು ಬ್ರೇಕ್ ಪ್ಯಾಡ್ ಕೆಲಸ ನೋಡೋಣ. (ನಾಣ್ಯ ಯಾವುದಾದರೂ ಇರಲಿ, ಸುಮ್ನೆ ಅಂಕಿ ಹಾಕಿದ್ದೇನೆ.) ಪಾರ್ಟ್ಸ್ 1200ಕ್ಕೆ ತಂದು 1800ಕ್ಕೆ ಕೊಟ್ಟೆವು. ಲೇಬರ್ 2 ಗಂಟೆ, ಗಂಟೆಗೆ 500. ಬಿಲ್ 2800. ಮೆಕ್ಯಾನಿಕ್‌ಗೆ ನಮಗೆ ಗಂಟೆಗೆ ಬೀಳುವ ಖರ್ಚು 200 ಅಂದುಕೊಳ್ಳಿ. ಇದರಲ್ಲಿ ಸಂಬಳದ ಜೊತೆ ರಜೆ, ವಿಮೆ, ಬೋನಸ್ ಎಲ್ಲ ಸೇರಿರಬೇಕು. ಒಟ್ಟು ಖರ್ಚು 1600, ಉಳಿದದ್ದು 1200. ಮಾರ್ಜಿನ್, ಅಂದರೆ ಬಿಲ್‌ನಲ್ಲಿ ಉಳಿದ ಪಾಲು, ಸುಮಾರು 43%. ಚೆನ್ನಾಗಿದೆ ಅಲ್ವಾ?

ಈಗ ನಿಜವಾಗಿ ನಡೆದದ್ದು. ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಕೂರುವ ಭಾಗ) ಬೋಲ್ಟ್ ತುಕ್ಕು ಹಿಡಿದಿತ್ತು, 2 ಗಂಟೆಯ ಕೆಲಸಕ್ಕೆ 3.5 ಗಂಟೆ ಹಿಡಿಯಿತು. ಕ್ಲೀನರ್, ಗ್ರೀಸ್ ಅಂತ 100. ನಾಲ್ಕು ದಿನ ಬಿಟ್ಟು ಗಾಡಿ ಕಿರ್ರೆನ್ನುತ್ತಾ ವಾಪಸ್ ಬಂತು. ಅದಕ್ಕೆ ಇನ್ನೊಂದು ಗಂಟೆ, ಬಿಲ್ ಇಲ್ಲ. ಈಗ ಖರ್ಚು 1200 + 900 + 100 = 2200. ಉಳಿದದ್ದು 600, ಮಾರ್ಜಿನ್ ಸುಮಾರು 21%. ಬಿಲ್ ಬದಲಾಗಲಿಲ್ಲ, ಲಾಭ ಅರ್ಧಕ್ಕಿಳಿಯಿತು.

ಹೀಗೆ ಸೋರಿದ ಅರ್ಧ ಲಾಭ ಸಾಫ್ಟ್‌ವೇರ್‌ನಲ್ಲಿ ಕಾಣಬೇಕಾದರೆ ಗಾಡಿಗೆ ಕೈ ಹಾಕಿದಾಗ ಮತ್ತು ಬಿಟ್ಟಾಗ ಮೆಕ್ಯಾನಿಕ್ ಅದರಲ್ಲಿ ಸಮಯ ದಾಖಲಿಸಬೇಕು. ಸಂಜೆ ಕೂತು ನೆನಪಿನಿಂದ ತುಂಬಿಸಿದರೆ ಎಲ್ಲರೂ ಎಸ್ಟಿಮೇಟ್‌ನಲ್ಲಿದ್ದ ಗಂಟೆಯನ್ನೇ ಬರೆಯುತ್ತಾರೆ. ಬಿಲ್ ಮಾಡಿದ ಗಂಟೆ, ಹಿಡಿದ ಗಂಟೆ ಎರಡೂ ಪ್ರತಿ ಕಾರ್ಡಿನಲ್ಲೂ ಒಂದೇ ಇದ್ದರೆ ಆ ರಿಪೋರ್ಟ್ ನಂಬಬೇಡಿ. ವಾಪಸ್ ಬಂದ ಗಾಡಿಗೆ ಹೊಸ ಕಾರ್ಡ್ ತೆರೆದರೂ ಪರವಾಗಿಲ್ಲ, ಹಳೆಯ ಜಾಬ್ ನಂಬರಿಗೆ ಜೋಡಿಸಿ. ಇಲ್ಲದಿದ್ದರೆ ಮೊದಲ ಕಾರ್ಡ್ 43% ಅಂತ ಹಾಗೇ ಮೆರೆಯುತ್ತಿರುತ್ತದೆ.

ನಾನು ಎಡವಿದ ಇನ್ನೊಂದು ಜಾಗ ಮಾರ್ಕಪ್ ಮತ್ತು ಮಾರ್ಜಿನ್. 1200ಕ್ಕೆ ತಂದು 1800ಕ್ಕೆ ಕೊಟ್ಟರೆ ಮಾರ್ಕಪ್ 50%, ಮಾರ್ಜಿನ್ ಮಾತ್ರ 33.3%. ಮಾರ್ಕಪ್ ಅನ್ನು ತಂದ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ, ಮಾರ್ಜಿನ್ ಅನ್ನು ಮಾರಿದ ಬೆಲೆಯ ಮೇಲೆ. 50% ಮಾರ್ಜಿನ್ ಬೇಕಿದ್ದರೆ 2400ಕ್ಕೆ ಮಾರಬೇಕು. ಸಾಫ್ಟ್‌ವೇರ್‌ನ ಸೆಟಿಂಗ್‌ನಲ್ಲಿ ಯಾವುದನ್ನು ಕೇಳುತ್ತಿದೆ ಅಂತ ಓದಿ ತುಂಬಿ.

ರಿಪೋರ್ಟ್ ತೆರೆದಾಗ ಎಲ್ಲರ ಕಣ್ಣೂ ನಷ್ಟದ ಜಾಬ್‌ಗಳ ಮೇಲೆ ಹೋಗುತ್ತದೆ. ನಾನು ಮೊದಲು ನೋಡುವುದು ಜಾಸ್ತಿ ಲಾಭ ತೋರಿಸುವ ಕಾರ್ಡ್‌ಗಳನ್ನು. ಪಾರ್ಟ್ಸ್‌ನಲ್ಲಿ 100% ಮಾರ್ಜಿನ್ ಕಂಡರೆ ತಂದ ಬೆಲೆಯ ಜಾಗ ಖಾಲಿ ಇದೆ ಅಂತಲೇ ಅರ್ಥ. ಕಾರ್ಡ್ ಮುಚ್ಚಿದ ಮೇಲೆ ಅಂಗಡಿಯ ಬಿಲ್ ಬಂದಿರುತ್ತದೆ, ಯಾರೂ ಸೇರಿಸಿರುವುದಿಲ್ಲ. ಇದರ ಉಲ್ಟಾ ಕೂಡ ಉಂಟು: ತಪ್ಪು ಪಾರ್ಟ್ ವಾಪಸ್ ಕೊಟ್ಟಿರುತ್ತೇವೆ, ಖರ್ಚು ಮಾತ್ರ ಜಾಬ್ ಮೇಲೆ ಉಳಿದಿರುತ್ತದೆ.

ಇನ್ನು ಶೇಕಡಾ ಒಂದನ್ನೇ ನೋಡಿದರೆ ಸಾಲದು. ಆಯಿಲ್ ಬದಲಿಸುವ ಕೆಲಸದ ಬಿಲ್ 900, ಪಾರ್ಟ್ಸ್ 500, ಅರ್ಧ ಗಂಟೆ ಲೇಬರ್ ಖರ್ಚು 100 ಅಂತಿಟ್ಟುಕೊಳ್ಳಿ. ಉಳಿದದ್ದು 300, ಅಂದರೆ ಗಂಟೆಗೆ 600. ಬ್ರೇಕ್ ಕೆಲಸವೂ ಕಾಗದದ ಮೇಲೆ ಗಂಟೆಗೆ 600ರಂತೆಯೇ ಇತ್ತು. ನಿಜದಲ್ಲಿ 4.5 ಗಂಟೆಗೆ 600, ಅಂದರೆ ಗಂಟೆಗೆ 133. ಬಾಡಿಗೆ, ಕರೆಂಟ್, ಆಫೀಸ್ ಸಂಬಳ ಇನ್ನೂ ಕಳೆದಿಲ್ಲ. ಅವು ತಿಂಗಳಿಗೆ 48000 ಇದ್ದು, ಗಾಡಿಗಳ ಮೇಲೆ ನಡೆದ ಕೆಲಸ 480 ಗಂಟೆ ಆದರೆ, ಗಂಟೆಗೆ 100 ಬೀಳುತ್ತದೆ. ಅದನ್ನೂ ಕಳೆದರೆ ಬ್ರೇಕ್‌ನಲ್ಲಿ 150, ಆಯಿಲ್‌ನಲ್ಲಿ 250.

ಹಾಗಂತ ಬ್ರೇಕ್ ಕೆಲಸವೇ ಬೇಡ ಅನ್ನಬೇಡಿ. ಒಂದು ತುಕ್ಕು ಬೋಲ್ಟ್ ನೋಡಿ ರೇಟ್ ಬದಲಿಸುವುದೂ ತಪ್ಪು. ಅದೇ ಥರದ 20-30 ಕಾರ್ಡ್ ಒಟ್ಟಿಗೆ ತೆಗೆದು ನೋಡಿ. ಹೆಚ್ಚಿನವುಗಳಲ್ಲಿ 2 ಗಂಟೆ ಮೀರಿದ್ದರೆ ಎಸ್ಟಿಮೇಟ್‌ನ ಗಂಟೆಯೇ ಕಡಿಮೆ. ಎಲ್ಲೋ ಒಂದೆರಡರಲ್ಲಿ ಮೀರಿದ್ದರೆ, 'ಬೋಲ್ಟ್ ಬಿಗಿದಿದ್ದರೆ ಹೆಚ್ಚುವರಿ ಲೇಬರ್' ಅಂತ ಎಸ್ಟಿಮೇಟ್‌ನಲ್ಲೇ ಬೇರೆ ಸಾಲು ಹಾಕಿ. ಬೋಲ್ಟಿಗೆ ಕೈ ಹಾಕುವ ಮೊದಲು ಗ್ರಾಹಕರಿಗೆ ಒಂದು ಫೋನ್ ಮಾಡಿ, ಒಪ್ಪಿಗೆಯನ್ನು ಕಾರ್ಡಿನಲ್ಲೇ ಬರೆದಿಡಿ.